ಜನ ಬೇಕಾಗಿದ್ದಾರೆ

ಕೋರಾದ ಟೀ ಅಂಗಡಿ ಗೋಡೆಗೆ ಚೀಟಿ ಅಂಟಿಸಿದ್ದರು:
ಜನ ಬೇಕಾಗಿದ್ದಾರೆ. ನಾಲ್ಕು ದಿನ. ದಿನಕ್ಕೆ ಆರುನೂರು, ಮೇಲೆ ಊಟ.
ಕೆಲಸ ಏನೆಂದು ಬರೆದಿರಲಿಲ್ಲ.
ಕೇಳಿದ್ದಕ್ಕೆ ಮೇಸ್ತ್ರಿ ಚಿಕ್ಕರಂಗಯ್ಯ ಅಂದ:
‘ಜನ ಆಗೋದೇ ಕೆಲಸ ಕಣಮ್ಮ.’

ವಸಂತನರಸಾಪುರದಲ್ಲೊಂದು ತಗಡಿನ ಶೆಡ್ಡು.
ಒಳಗೊಂದು ಸ್ಟೇಷನ್ನು, ರೈಲಿಲ್ಲದ್ದು.
ಹಳಿ ಇಲ್ಲ, ಊರಿನ ಹೆಸರು ಬರೆದ ಹಲಗೆಯಿಲ್ಲ,
ಐದು ಗೇಟು ಮಾತ್ರ ಸಾಲಾಗಿ
ದನ ಕಟ್ಟದ ಗೋದಲಿಯಂತೆ.

ನಾವು ನೂರಾ ಇಪ್ಪತ್ತು ಮಂದಿ.
ಗಾರ್ಮೆಂಟ್ಸ್ ಬಿಟ್ಟವರು, ಗಾರೆ ಕಲಸುವವರು,
ಹುಣಸೆ ಬಿಡಿಸಿ ಉಗುರು ಕಪ್ಪಾದ ನಾನು,
ನನ್ನ ಓರಗಿತ್ತಿ ಈರನಾಗಮ್ಮ.
ಕೊರಳಿಗೊಂದು ನಂಬರು, ಕೈಗೊಂದು ಕಾರ್ಡು.
ಮುಟ್ಟಿಸಿದರೆ ರೆಕ್ಕೆ ಬಿಚ್ಚುತ್ತದೆ,
ಹಾದು ಹೋಗಬೇಕು, ಸುತ್ತಿ ಬರಬೇಕು,
ಮತ್ತೆ ಮುಟ್ಟಿಸಬೇಕು.
ಗಾಣದೆತ್ತಿಗಾದರೂ ಎಣ್ಣೆಯ ವಾಸನೆ ಸಿಗುತ್ತದೆ.

ಹಳೇ ಗೇಟು ನಿಮಿಷಕ್ಕೆ ಇಪ್ಪತ್ತೈದು ಜನ ಬಿಡುತ್ತಿತ್ತಂತೆ.
ದೂರದ ಯಾವುದೋ ನಗರದಲ್ಲಿ, ಮ್ಯಾಚು ಬಿಟ್ಟ ರಾತ್ರಿ
ಮೆಟ್ಟಿಲವರೆಗೂ ಜನ ಕಟ್ಟಿಕೊಂಡು
ಮುಂದಿದ್ದವರ ಕೆನ್ನೆ ಗಾಜಿಗಂಟಿತ್ತಂತೆ.
ಹೊಸದು ಐವತ್ತು ಬಿಡಬೇಕು.
ನಿಖತ್ ಮೇಡಮ್ಮು ಸ್ಟೂಲಿನ ಮೇಲೆ ಕೂತು
ಲ್ಯಾಪ್‌ಟಾಪಿನಲ್ಲಿ ನಮ್ಮನ್ನು ಎಣಿಸುತ್ತಾರೆ.

ಮೊದಲ ದಿನ ಮೂವತ್ತೊಂದು.
‘ಯಾಕ್ರೀ ಇಷ್ಟು ನಿಧಾನ?’
ನೀನು ಹೋಗಕ್ಕ, ಇಲ್ಲ ನೀನು ಮೊದಲು,
ಅಜ್ಜಿಗೆ ದಾರಿ ಬಿಡ್ರೇ,
ತೆರೆದ ಗೇಟು ತೆರೆದ ಬಾಯಿ ಮುಚ್ಚದೆ ಕಾಯುತ್ತಿತ್ತು.
‘ಜನ ಹೀಗಿರಲ್ಲ,’ ಮೇಡಮ್ಮು ನಕ್ಕರು,
‘ಕೊನೇ ರೈಲು ಹೊರಡ್ತಿದೆ ಅಂದ್ಕೊಳ್ಳಿ.’

ರೈಲು ನೆನಪಿಗೆ ಬರಲಿಲ್ಲ.
ರಾತ್ರಿ ಎಂಟೂವರೆಯ ಶಿರಾ ಬಸ್ಸು ಬಂತು.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ಹೊರಗಿಟ್ಟು,
ಕಿಟಕಿಯಲ್ಲಿ ಟವೆಲ್ಲು ಎಸೆದು ಸೀಟು ಹಿಡಿಯುವ ರಭಸದಲ್ಲಿ
ನುಗ್ಗಿದೆವು ನೋಡಿ,
ನಲವತ್ತೇಳು!

ಮಾರನೇ ದಿನ ಸಾಮಾನು ಕೊಟ್ಟರು.
ಚಕ್ರದ ಸೂಟ್‌ಕೇಸು, ಕೊಡೆ,
ಒಂದು ಪ್ಲಾಸ್ಟಿಕ್ಕಿನ ಮಗು.
ಮಗು ಈರನಾಗಮ್ಮನ ಕಂಕುಳೇರಿದ್ದೇ ತಡ
ಗೇಟು ಕೆಂಪಗಾಗಿ ಕೂಗಿಕೊಂಡಿತು:
ಕಾರ್ಡು ಒಂದು, ತಲೆ ಎರಡು.
‘ಕಂಕುಳ ಕೂಸಿಗೆ ಕಂಡಕ್ಟರೂ ಟಿಕೆಟ್ ಹರಿಯಲ್ಲ,
ನೀನ್ಯಾವನೋ ಮುಕ್ಕ?’
ಯಂತ್ರಕ್ಕೆ ಬೈದದ್ದು ಶೆಡ್ಡೆಲ್ಲ ಕೇಳಿತು.
ಮೇಡಮ್ಮು ಎದ್ದು ಬಂದರು. ಟೇಪು ಹಿಡಿದು
ನೆಲದಿಂದ ಅವಳ ಸೊಂಟದವರೆಗೆ,
ಸೊಂಟದಿಂದ ಗೊಂಬೆಯ ನೆತ್ತಿವರೆಗೆ
ಅಳೆದು ಬರೆದುಕೊಂಡರು.
ಬೆಳಗಾಗುವಷ್ಟರಲ್ಲಿ ಗೇಟಿಗೆ ಬುದ್ಧಿ ಬಂದಿತ್ತು.
ಆ ದೂರದ ನಗರದಲ್ಲಿ ಇನ್ನು ಮೇಲೆ
ಕೂಸು ಹೊತ್ತ ಹೆಂಗಸರೆಲ್ಲ
ನಮ್ಮ ಈರನಾಗಮ್ಮನ ಸೊಂಟದ ಲೆಕ್ಕದಲ್ಲಿ ಹಾಯುತ್ತಾರೆ.
ಅವಳಿಗೆ ಇದನ್ನು ಹೇಳಿದೆ.
‘ನಾಳೆ ಊಟಕ್ಕೆ ಮುದ್ದೆ ಮಾಡ್ಸಕ್ಕೆ ಹೇಳು,’ ಅಂದಳು.

ಮೂರನೇ ಮಧ್ಯಾಹ್ನ ಕರೆಂಟು ಹೋಯಿತು.
ಪರೀಕ್ಷೆಯಲ್ಲ, ನಿಜವಾದ ಕರೆಂಟು.
ಹಾಗಾದಾಗ ಎಲ್ಲ ತೆರೆದುಕೊಳ್ಳಬೇಕಂತೆ, ಜನ ಸಾಯದಿರಲೆಂದು;
ತೆರೆದುಕೊಂಡವು.
ಐದೂ ರೆಕ್ಕೆ ಸದ್ದಿಲ್ಲದೆ ಒಳಕ್ಕೆ ಸರಿದವು.
ಯಾರೂ ಕದಲಲಿಲ್ಲ.
ತಗಡು ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿತ್ತು.
‘ಹೋಗ್ರೀ, ತೆಗೆದಿದೆಯಲ್ಲ!’
‘ಎಲ್ಲಿಗೆ ಮೇಡಮ್?’ ಅಂದಳು
ಅರವತ್ತೆಂಟನೇ ನಂಬರಿನ ಹುಡುಗಿ.
ಮೇಡಮ್ಮೂ ಉತ್ತರ ಹುಡುಕುವ ಹಾಗೆ
ಗೇಟಿನಾಚೆ ನೋಡಿದರು. ಅಲ್ಲಿ ಗೋಡೆ,
ಗೋಡೆಗೊರಗಿಸಿದ ಪೊರಕೆ.

ಕೊನೇ ದಿನ ಐವತ್ತೆರಡು. ಚಪ್ಪಾಳೆ, ತಲೆಗೊಂದು ಮೈಸೂರುಪಾಕು.
ನಂಬರು ಬಿಚ್ಚಿಕೊಟ್ಟು, ಕಾರ್ಡು ಬುಟ್ಟಿಗೆ ಹಾಕಿ
ಹೊರಟೆವು, ನೂರಾ ಇಪ್ಪತ್ತೂ ಜನ ಒಟ್ಟಿಗೆ.

ಕಾರ್ಖಾನೆಯ ದೊಡ್ಡ ಕಬ್ಬಿಣದ ಬಾಗಿಲು ಲಾರಿಗಷ್ಟೇ.
ಅದರಲ್ಲೊಂದು ಕಿರುಬಾಗಿಲು, ತಲೆ ಬಗ್ಗಿಸಬೇಕು.
ವಾಚ್‌ಮನ್ ಬೋರಲಿಂಗಪ್ಪ ಚೀಲ ಬಿಚ್ಚಿಸಿ,
ಊಟದ ಡಬ್ಬಿಯ ಮುಚ್ಚಳ ತೆಗೆಸಿ,
ಪುಸ್ತಕದಲ್ಲಿ ಸಹಿ ಹಾಕಿಸಿ ಬಿಡುತ್ತಿದ್ದ.

ನಿಮಿಷಕ್ಕೆ ಆರು.
ನಾನೇ ಎಣಿಸಿದೆ.